ಕಲಿತ ವರ್ಷ ಲೆಕ್ಕಕ್ಕೆ ಬರಬೇಕು: ಇಂಟರ್‌ನಿಂದ ಡಿಪ್ಲೊಮಾದವರೆಗೆ ನಮ್ಮ ಭಾಗದ ಕಥೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಾಲತವಾಡ, ಮುದ್ದೇಬಿಹಾಳ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಗನನ್ನೋ ಮಗಳನ್ನೋ ಪಿಯುಸಿಗೆ ಹಚ್ಚಬೇಕೋ, ಡಿಪ್ಲೊಮಾಕ್ಕೆ ಹಚ್ಚಬೇಕೋ? ಡಿಪ್ಲೊಮಾ ಆದರೆ ಮೂರು ವರ್ಷಕ್ಕೆ ಕೈಗೊಂದು ಕೆಲಸ ಸಿಗಬಹುದು. ಆದರೆ ಮುಂದೆ ಎಂಜಿನಿಯರಿಂಗ್ ಓದಬೇಕು ಅನಿಸಿದರೆ? ಆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತದೆಯೇ?

ಇವತ್ತಿನ ಮಟ್ಟಿಗೆ ಉತ್ತರ: ಆಗುವುದಿಲ್ಲ. ಡಿಪ್ಲೊಮಾ ಮುಗಿಸಿದವರು ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ಆದರೆ ಈ ಬಾಗಿಲು ಮೊದಲಿನಿಂದಲೂ ತೆರೆದಿರಲಿಲ್ಲ. ಒಂದು ಕಡೆ ಕಲಿತ ವರ್ಷವನ್ನು ಇನ್ನೊಂದು ಕಡೆ ಒಪ್ಪಿಕೊಳ್ಳಬೇಕೋ ಬೇಡವೋ ಎನ್ನುವ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

‘ಇಂಟರ್’ ಆದವರು

ಬ್ರಿಟಿಷರ ಕಾಲದಲ್ಲಿ ವಿಜಯಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಇಲ್ಲಿಯ ಹುಡುಗರಿಗೆ ವಿಶ್ವವಿದ್ಯಾಲಯ ಎಂದರೆ 1857ರಲ್ಲಿ ಶುರುವಾದ ಮುಂಬೈ ವಿಶ್ವವಿದ್ಯಾಲಯ. ಡಾ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದ್ದು ಈ ಸೀಮೆಯ ಮಕ್ಕಳ ಓದಿಗಾಗಿ. ಆದರೆ ಆಗ ಕಾಲೇಜು ಓದಬೇಕೆಂದರೆ ಜಿಲ್ಲೆಯನ್ನೇ ಬಿಡಬೇಕಿತ್ತು. ಪುಣೆಯ ಫರ್ಗ್ಯುಸನ್ ಕಾಲೇಜು 1885ರದ್ದು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ, ಸಾಂಗಲಿಯ ವಿಲಿಂಗ್ಡನ್ ಕಾಲೇಜು 1919ರಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ ಬಂದವು.

ಮ್ಯಾಟ್ರಿಕ್ ಆದ ಮೇಲೆ ಬಿಎಗೆ ನಾಲ್ಕು ವರ್ಷ. ಅದರ ನಡುವೆ, ಎರಡು ವರ್ಷಕ್ಕೆ, ಇಂಟರ್‌ಮೀಡಿಯೆಟ್ ಪರೀಕ್ಷೆ. ಹಳೆಯ ತಲೆಮಾರಿನವರು ‘ಅವ್ರು ಇಂಟರ್ ಆಗಿದ್ರು’ ಎನ್ನುತ್ತಿದ್ದದ್ದು ಇದನ್ನೇ. ಇಂಟರ್ ಪರೀಕ್ಷೆ ನಡೆಸುತ್ತಿದ್ದದ್ದು ವಿಶ್ವವಿದ್ಯಾಲಯ. ಹಾಗಾಗಿ ಅದರ ಕೈಕೆಳಗಿನ ಒಂದು ಕಾಲೇಜಿನಲ್ಲಿ ಇಂಟರ್ ಮುಗಿಸಿ, ಇನ್ನೊಂದು ಕಾಲೇಜಿನಲ್ಲಿ ಬಿಎ ಓದಲು ದಾರಿಯಿತ್ತು. ಕಟ್ಟಡ ಬದಲಾದರೂ ಕಲಿತ ಎರಡು ವರ್ಷ ಉಳಿಯುತ್ತಿದ್ದವು.

1917ರಿಂದ 1919ರವರೆಗೆ ಕೆಲಸ ಮಾಡಿದ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗ, ಅಂದರೆ ಸ್ಯಾಡ್ಲರ್ ಆಯೋಗ, ಈ ಎರಡು ವರ್ಷವನ್ನು ವಿಶ್ವವಿದ್ಯಾಲಯದಿಂದ ಬೇರೆ ಮಾಡಿ ಪ್ರತ್ಯೇಕ ಇಂಟರ್‌ಮೀಡಿಯೆಟ್ ಕಾಲೇಜು ತೆರೆಯಿರಿ ಎಂದು ಸಲಹೆ ಕೊಟ್ಟಿತು. ಇಂದಿನ ಪಿಯು ಕಾಲೇಜು ನೋಡಿದರೆ ಆ ವಿಚಾರದ ನೆರಳು ಕಾಣುತ್ತದೆ.

ಪಕ್ಕದ ಊರು, ಬೇರೆ ಲೆಕ್ಕ

ನಾಲತವಾಡದಿಂದ ನಾರಾಯಣಪುರ ದೂರವೇನಲ್ಲ. ಆದರೆ ಆ ಸುರಪುರ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಪಾಠ ನಡೆದದ್ದು ಉರ್ದುವಿನಲ್ಲಿ. ಬೀಗತನ ಬೆಳೆಸುವ, ಸಂತೆಗೆ ಹೋಗಿಬರುವ ಊರುಗಳ ನಡುವೆಯೇ ಓದಿನ ದಾರಿ ಎರಡಾಗಿತ್ತು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ ಧಾರವಾಡದಲ್ಲಿ ನೆಲೆಯಾಯಿತು. 1956ರ ನವೆಂಬರ್ 1ರಂದು ಎರಡೂ ಸೀಮೆ ಒಂದೇ ರಾಜ್ಯಕ್ಕೆ ಬಂದವು. ಆದರೂ ಗಡಿ ಪೂರ್ತಿ ಅಳಿಸಲಿಲ್ಲ. 1980ರಲ್ಲಿ ಆ ಕಡೆಗೆ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಈ ಕಡೆಗೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದವು. ಇವತ್ತಿಗೂ ಯಾದಗಿರಿ, ರಾಯಚೂರು ಜಿಲ್ಲೆಯವರಿಗೆ 371(ಜೆ) ಮೀಸಲಾತಿ ಇದೆ. ವಿಜಯಪುರ ಜಿಲ್ಲೆಯವರಿಗೆ ಇಲ್ಲ.

ಡಿಪ್ಲೊಮಾದವರ ಮುಂದಿನ ಗೋಡೆ

ಪಾಲಿಟೆಕ್ನಿಕ್‌ಗಳ ಕಥೆ ಬೇರೆ. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಜಯಚಾಮರಾಜೇಂದ್ರ ಸಂಸ್ಥೆ ಮುಂದೆ ಎಸ್‌.ಜೆ. ಪಾಲಿಟೆಕ್ನಿಕ್ ಎಂದು ಹೆಸರಾಯಿತು. ರಸ್ತೆ, ಕಾಲುವೆ, ಕಾರ್ಖಾನೆ ಕೆಲಸದ ಮೇಲ್ವಿಚಾರಣೆಗೆ ಜನ ಬೇಕಿತ್ತು, ಡಿಪ್ಲೊಮಾ ಅವರನ್ನು ತಯಾರು ಮಾಡುತ್ತಿತ್ತು. ಓದಿ ಕೆಲಸಕ್ಕೆ ಸೇರಬೇಕು, ಅಲ್ಲಿಗೆ ಮುಗಿಯಿತು ಎಂಬುದು ಆಗಿನ ಲೆಕ್ಕ. ಪದವಿಯ ದಾರಿಯೇ ಬೇರೆ ಇತ್ತು.

ಹಟ ಬಿಡದವರಿಗೆ ಒಂದು ದಾರಿ ಉಳಿದಿತ್ತು: ಎಎಂಐಇ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುತ್ತಿದ್ದ ಪರೀಕ್ಷೆ ಅದು. ‘ಎ’ ಮತ್ತು ‘ಬಿ’ ಎಂದು ಎರಡು ಭಾಗ. ನಿತ್ಯದ ತರಗತಿ ಇಲ್ಲ. ಹಗಲು ನೌಕರಿ, ರಾತ್ರಿ ಪುಸ್ತಕ. ಪಾಸಾದರೆ ಎಂಜಿನಿಯರಿಂಗ್ ಪದವಿಗೆ ಸಮ. 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ ಈ ಮಾನ್ಯತೆ ಸಿಕ್ಕಿತು. ಪರೀಕ್ಷೆ ಕಠಿಣ, ಹೇಳಿಕೊಡುವವರು ಕಡಿಮೆ. ಹಿಡಿದ ಪುಸ್ತಕವನ್ನು ಅರ್ಧಕ್ಕೆ ಮುಚ್ಚಿಟ್ಟವರೂ ಇದ್ದರು.

ಅಮೆರಿಕದವರ 2+2

ಇದೇ ಪ್ರಶ್ನೆ ಅಮೆರಿಕದವರಿಗೂ ಬಂದಿತ್ತು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಎರಡು ವರ್ಷದ ಜೂನಿಯರ್ ಕಾಲೇಜು ಶುರುವಾಯಿತು. ಮನೆಯ ಹತ್ತಿರ ಎರಡು ವರ್ಷ ಓದಿ, ಉಳಿದೆರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗುವ ಯೋಚನೆ. ಮುಂದೆ ಇಂಥವುಗಳಿಗೆ ಕಮ್ಯುನಿಟಿ ಕಾಲೇಜು ಎಂಬ ಹೆಸರು ಬಂತು. 1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಉನ್ನತ ಶಿಕ್ಷಣದ ಯೋಜನೆಯಲ್ಲಿಯೇ ಈ ವರ್ಗಾವಣೆಗೆ ಜಾಗ ಕೊಟ್ಟಿತು. ನಮ್ಮಲ್ಲಿ ಯುಜಿಸಿ 2013ರಲ್ಲಿ ಕಮ್ಯುನಿಟಿ ಕಾಲೇಜು ಯೋಜನೆ ತಂದಿತು. ಆದರೆ ನಮ್ಮ ಹಳ್ಳಿಯ ಮಕ್ಕಳಿಗೆ ಅಂಥ ಏಣಿಯಾಗಿ ಒದಗಿದ್ದು ಪಾಲಿಟೆಕ್ನಿಕ್ಕೇ.

ಬಾಗಿಲು ತೆರೆದ ಮೇಲೆ

ಏಣಿ ಹತ್ತಿದ ಮೇಲೆ ನಿಲ್ಲಲು ಮಾಳಿಗೆ ಬೇಕಲ್ಲ. ಹುಬ್ಬಳ್ಳಿಯಲ್ಲಿ 1947ರಲ್ಲಿ ಬಿವಿಬಿ, ಬಾಗಲಕೋಟೆಯಲ್ಲಿ 1963ರಲ್ಲಿ ಬಸವೇಶ್ವರ, ವಿಜಯಪುರದಲ್ಲಿ 1980ರಲ್ಲಿ ಬಿಎಲ್‌ಡಿಇ ಎಂಜಿನಿಯರಿಂಗ್ ಕಾಲೇಜು ಬಂದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಸ್ಥಾಪನೆಯಾಗಿ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಸೇರಿದವು.

ಲ್ಯಾಟರಲ್ ಎಂಟ್ರಿಯ ಲೆಕ್ಕ ಸರಳ. ಪಿಯುಸಿ 2 ವರ್ಷ, ಬಿಇ 4 ವರ್ಷ: ಒಟ್ಟು 6. ಡಿಪ್ಲೊಮಾ 3 ವರ್ಷ, ಬಿಇ 3 ವರ್ಷ: ಅದೂ 6. ಒಂದು ವರ್ಷವೂ ಹಾಳಾಗುವುದಿಲ್ಲ. ನಡುವೆ ಮನೆಯ ಪರಿಸ್ಥಿತಿ ಕೆಟ್ಟು ಓದು ನಿಂತರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಮಳೆ ನಂಬಿ ಬದುಕುವ ಮನೆಗೆ ಇದು ಸಣ್ಣ ಮಾತಲ್ಲ. ಎರಡು ವರ್ಷದ ಐಟಿಐ ಮಾಡಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಅಲ್ಲಿಗೆ ಏಣಿಗೆ ಕೆಳಗಿನಿಂದ ಇನ್ನೊಂದು ಮೆಟ್ಟಿಲು ಸಿಕ್ಕಿತು.

ಬಿಇಗೆ ಸೇರಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು. ಡಿಪ್ಲೊಮಾದಲ್ಲಿ ಶೇ 45, ಮೀಸಲಾತಿಯವರಿಗೆ ಶೇ 40 ಅಂಕ ಬೇಕು.

ಸೀಟು ಸಿಕ್ಕ ಮೇಲೆ ಎದುರಾಗುವುದು ಗಣಿತ. ಪಿಯುಸಿಯಿಂದ ಬಂದವರು ಬಿಇ ಮೊದಲ ವರ್ಷದಲ್ಲಿ ಗಣಿತದ ಎರಡು ಪತ್ರಿಕೆ ಓದಿರುತ್ತಾರೆ. ಡಿಪ್ಲೊಮಾದವರು ಅದನ್ನು ದಾಟಿಕೊಂಡು ಬಂದಿರುತ್ತಾರೆ. ಆ ಕೊರತೆ ತುಂಬಲು ವಿಟಿಯು ಅವರಿಗಾಗಿ ಮೂರನೇ, ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತ ಇಟ್ಟಿತು. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಮ್ಯಾಟ್‌ಡಿಪ್’. ಬಾಗಿಲು ತೆರೆದರೂ ಹೊಸ್ತಿಲು ಎತ್ತರವೇ. ವರ್ಕ್‌ಶಾಪಿನಲ್ಲಿ ಕೈ ಪಳಗಿದ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಈಗಿನ ಕ್ರೆಡಿಟ್ ಬ್ಯಾಂಕು

2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲ ಪದವಿಗಳಿಗೂ ಇಂಥ ದಾರಿ ತೆರೆಯುವ ಮಾತಾಡಿತು. 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. ಓದಿದ ವಿಷಯದ ಕ್ರೆಡಿಟ್ ವಿದ್ಯಾರ್ಥಿಯ ಖಾತೆಯಲ್ಲಿ ಜಮೆಯಾಗುತ್ತದೆ. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಪದವಿ ಶುರುವಾಯಿತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ನಿಯಮ ಹೀಗೆ ಹಿಂದೆ ಮುಂದೆ ಆಗುವಾಗ ಮೊದಲು ಗೊಂದಲಕ್ಕೆ ಬೀಳುವುದು ಕೇಳಲು ಮನೆಯಲ್ಲಿ ಕಲಿತವರಿಲ್ಲದ ಮಕ್ಕಳು.

ಈ ನೂರು ವರ್ಷದ ಕಥೆಯಿಂದ ತಿಳಿಯುವುದು ಇಷ್ಟು. ಮಕ್ಕಳು ಎಷ್ಟೇ ಜಾಣರಿರಲಿ, ಅವರು ಕಲಿತ ವರ್ಷವನ್ನು ಮುಂದಿನ ಸಂಸ್ಥೆ ಒಪ್ಪಬೇಕೆಂದರೆ ಅದಕ್ಕೊಂದು ನಿಯಮ ಬರಹದಲ್ಲಿ ಇರಬೇಕು. ಇಂಟರ್‌ಗೆ ಆ ನಿಯಮ ಇತ್ತು. ಡಿಪ್ಲೊಮಾಕ್ಕೆ ತಡವಾಗಿ ಬಂತು. ಆದ್ದರಿಂದ ಯಾವುದೇ ಕೋರ್ಸಿಗೆ ಹಚ್ಚುವ ಮೊದಲು ಮೂರು ಮಾತು ಕೇಳಿ: ಇದಕ್ಕೆ ಮಾನ್ಯತೆ ಯಾರದು? ಇದಾದ ಮೇಲೆ ಯಾವ ಪದವಿಯ ಎಷ್ಟನೇ ವರ್ಷಕ್ಕೆ ಸೇರಬಹುದು? ಸೇರಲು ಯಾವ ಪರೀಕ್ಷೆ, ಎಷ್ಟು ಅಂಕ ಬೇಕು? ಡಿಪ್ಲೊಮಾಕ್ಕೆ ಹಚ್ಚಿದ್ದರೆ, ಗಣಿತದ ಪುಸ್ತಕವನ್ನು ಮಾತ್ರ ಮೂರು ವರ್ಷವೂ ಕೈಬಿಡಬೇಡಿ ಎಂದು ಮಕ್ಕಳಿಗೆ ಹೇಳಿ.