ಹುಲ್ಲಿನ ಬುಟ್ಟಿಯಲ್ಲಿ ಹಳತು ಯಾವುದು: ಗುಲ್ಲಾ ಕಸುಬಿನ ಕುರಿತು ಒಂದು ಟಿಪ್ಪಣಿ

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಚಾರ್ಲ್ಸ್‌ಟನ್ ಬಂದರಿನ ಆಚೆ ದಡದ ಊರು ಮೌಂಟ್ ಪ್ಲೆಸೆಂಟ್. ಅಲ್ಲಿಯ ಗುಲ್ಲಾ ಜನ ಕರಾವಳಿಯ ಹುಲ್ಲಿನಿಂದ ಮಾಡುವ ಬುಟ್ಟಿಗಳಿಗೆ ಸ್ವೀಟ್‌ಗ್ರಾಸ್ ಬುಟ್ಟಿಗಳೆಂದು ಹೆಸರು. ಗುಲ್ಲಾಗಳು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರ ಸಂತತಿ. ಮುನ್ನೂರು ವರ್ಷಗಳಿಂದ ಕೊಂಚವೂ ಬದಲಾಗದ ಕಲೆ ಎಂದು ಈ ಬುಟ್ಟಿಗಳನ್ನು ಹೊಗಳುವುದು ವಾಡಿಕೆ. ನನಗೆ ಆ ಮಾತು ಒಪ್ಪಿತವಲ್ಲ. ಬಳಸುವ ಹುಲ್ಲು, ಬುಟ್ಟಿಯ ಆಕಾರ, ಅದನ್ನು ಮಾಡುವವರು, ಕೊಳ್ಳುವವರು ಎಲ್ಲವೂ ಬದಲಾಗಿವೆ. ಹಳತಾಗಿ ಉಳಿದಿರುವುದು ಹೊಲಿಗೆ.

ಹೊಲಿಗೆ ಎಂದು ಬೇಕೆಂದೇ ಬರೆಯುತ್ತಿದ್ದೇನೆ, ಏಕೆಂದರೆ ಈ ಬುಟ್ಟಿಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕೆಲವು ಎಳೆ ಹುಲ್ಲನ್ನು ಗಂಟು ಹಾಕುವುದು ಮೊದಲ ಕೆಲಸ. ಆ ಗಂಟಿನ ಸುತ್ತ ಹುಲ್ಲಿನ ಕಟ್ಟನ್ನು ಸುರುಳಿಯಾಗಿ ಸುತ್ತುತ್ತ, ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ಪಾಮೆಟ್ಟೊ ಎಂಬ ತಾಳೆಜಾತಿಯ ಮರದ ಗರಿಯ ಸೀಳಿನಿಂದ ಬಿಗಿಯುತ್ತ ಹೋಗುತ್ತಾರೆ. ಕಟ್ಟು ತೆಳುವಾದಂತೆಲ್ಲ ಹೊಸ ಎಳೆಗಳನ್ನು ತುರುಕಬೇಕು. ದಪ್ಪ ಒಂದೇ ಸಮ ಇರದಿದ್ದರೆ ಗೋಡೆ ಓರೆಯಾಗುತ್ತದೆ. ಗರಿಯ ಸೀಳು ನುಸುಳಲು ದಾರಿ ಮಾಡಿಕೊಡುವ ಸಾಧನವನ್ನು ಅವರು 'ಬೋನ್' ಎನ್ನುತ್ತಾರೆ. ಹಿಂದೆ ಅದನ್ನು ದನದ ಅಥವಾ ಹಂದಿಯ ಪಕ್ಕೆಲುಬಿನಿಂದ ಮಾಡುತ್ತಿದ್ದರು. ಈಗ ಹೆಚ್ಚಾಗಿ ಕಾಣುವುದು, ತಲೆ ಕತ್ತರಿಸಿ ತುದಿಯನ್ನು ಉಜ್ಜಿ ನಯಮಾಡಿದ ಚಮಚದ ಹಿಡಿ. ನಡುನಡುವೆ ಪೈನ್ ಮರದ ಉದ್ದನೆಯ ಕಂದು ಸೂಜಿಯೆಲೆ ಸೇರಿಸಿ ಪಟ್ಟೆ ಮೂಡಿಸುತ್ತಾರೆ. ಗಟ್ಟಿತನ ಬೇಕಾದಲ್ಲಿ ಜೊಂಡು ಹಾಕುತ್ತಾರೆ. ಸಾಧಾರಣ ಗಾತ್ರದ ಬುಟ್ಟಿಗೂ ದಿನಗಟ್ಟಲೆ ಕೂರಬೇಕು, ದೊಡ್ಡದಕ್ಕೆ ವಾರಗಳೇ ಹಿಡಿಯುತ್ತವೆ.

ಈ ಹೊಲಿಗೆಯ ಮೂಲ ಎಲ್ಲಿಯದು? ಆಗ್ನೇಯ ಅಮೆರಿಕದ ಚೆರೋಕಿ ಮೊದಲಾದ ಮೂಲನಿವಾಸಿಗಳು ನದಿದಡದ ಬಿದಿರಿನ ಜಾತಿಯ ಸಸ್ಯವನ್ನು ಸೀಳಿ ಹೆಣೆಯುತ್ತಿದ್ದರು. ಅದು ಬೇರೆಯೇ ಕ್ರಮ. ಸುರುಳಿ ಸುತ್ತಿ ಹೊಲಿಯುವುದು ಯೂರೋಪಿನವರಿಗೂ ಗೊತ್ತಿತ್ತು, ಅವರ ಹಳೆಯ ಜೇನುಗೂಡುಗಳು ಹಾಗೆಯೇ ಇರುತ್ತಿದ್ದವು. ಆದ್ದರಿಂದ ತಂತ್ರವೊಂದನ್ನೇ ನೋಡಿ ಆಫ್ರಿಕಾ ಎನ್ನುವುದು ಅವಸರವಾದೀತು. ತೀರ್ಮಾನಕ್ಕೆ ಬಲ ಕೊಡುವುದು ಬುಟ್ಟಿಯ ಕೆಲಸ. ಕೆರೊಲಿನಾದ ಸಿರಿವಂತಿಕೆ ಭತ್ತದಿಂದ ಬಂದದ್ದು, ಭತ್ತ ಬೆಳೆದವರು ಗುಲಾಮರು. 1708ರ ಹೊತ್ತಿಗೇ ಆ ವಸಾಹತಿನಲ್ಲಿ ಕಪ್ಪು ಜನರ ಸಂಖ್ಯೆ ಬಿಳಿಯರದನ್ನು ಮೀರಿತ್ತು. ಭತ್ತವನ್ನು ಮರದ ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, 'ಫ್ಯಾನರ್' ಎಂಬ ಅಗಲವಾದ ಗಿಡ್ಡ ಅಂಚಿನ ಬುಟ್ಟಿಯಲ್ಲಿ ಕೇರುತ್ತಿದ್ದರು. ನಮ್ಮ ಮೇದರು ಬಿದಿರಿನಲ್ಲಿ ಹೆಣೆಯುವ ಮೊರದ ಕೆಲಸವೇ ಅದಕ್ಕೂ. ಮೊರದ ಮುಂಬದಿ ತೆರೆದಿರುತ್ತದೆ, ಫ್ಯಾನರ್ ಪೂರ್ತಿ ದುಂಡು. ಒರಳು, ಒನಕೆ, ಸುರುಳಿ ಹೊಲಿಗೆಯ ದುಂಡು ಬುಟ್ಟಿ ಈ ಮೂರೂ ಒಟ್ಟಿಗೆ ಸಿಗುವುದು ಆಫ್ರಿಕಾದ ಪಶ್ಚಿಮ ತೀರದಲ್ಲಿ. ಆದರೆ ಸೆನೆಗಲ್‌ನಿಂದ ಅಂಗೋಲಾದವರೆಗೂ ಇಂಥ ಬುಟ್ಟಿಗಳಿರುವುದರಿಂದ ಒಂದೇ ಊರಿನತ್ತ, ಒಂದೇ ಕುಲದತ್ತ ಬೆರಳು ತೋರಿಸುವುದು ಸರಿಯಲ್ಲ. ಈ ಬುಟ್ಟಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡೇಲ್ ರೋಸೆನ್‌ಗಾರ್ಟನ್ ಕೂಡ ಬೇರುಗಳನ್ನು ಹಲವೆಡೆ ಹುಡುಕಿದ್ದಾರೆ.

ಫ್ಯಾನರ್ ಜೊಂಡಿನದು, ಒರಟು. ತೋಟಗಳಲ್ಲಿ ಇಂಥ ಬುಟ್ಟಿ ಮಾಡುತ್ತಿದ್ದವರು ಹೆಚ್ಚಾಗಿ ಗಂಡಸರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಚಂಡಮಾರುತಗಳ ಹೊಡೆತಕ್ಕೆ ಸಿಕ್ಕಿ ಕರಾವಳಿಯ ಭತ್ತದ ಬೇಸಾಯ ಮುಗಿಯಿತು. ಕೇರಲು ಭತ್ತವೇ ಇಲ್ಲದ ಮೇಲೆ ಬುಟ್ಟಿ ಉಳಿದದ್ದು ಪೇಟೆಯಿಂದ. 1916ರ ಸುಮಾರಿಗೆ ಚಾರ್ಲ್ಸ್‌ಟನ್‌ನ ವ್ಯಾಪಾರಿ ಕ್ಲಾರೆನ್ಸ್ ಲೆಗರ್ಟನ್ ಮೌಂಟ್ ಪ್ಲೆಸೆಂಟ್ ಕಡೆಯ ಬುಟ್ಟಿಗಳನ್ನು ಸಗಟಾಗಿ ಕೊಂಡು ಮಾರತೊಡಗಿದ. 1929ರಲ್ಲಿ ಎರಡೂ ಊರುಗಳ ನಡುವಿನ ಕೂಪರ್ ನದಿಗೆ ಸೇತುವೆಯಾಯಿತು, ಕಾರುಗಳು ಬಂದವು. ಹೆಂಗಸರು 17ನೇ ಹೆದ್ದಾರಿಯ ಪಕ್ಕ ಮರದ ಅಟ್ಟಣೆ ಹೂಡಿ, ಮೊಳೆಗಳಿಗೆ ಬುಟ್ಟಿ ತೂಗುಹಾಕಿ, ನಡುವೆ ಯಾರಿಗೂ ಪಾಲು ಕೊಡದೆ ತಾವೇ ಮಾರಿದರು. ಬ್ರೆಡ್ಡಿನ ತಟ್ಟೆ, ಹೂದಾನಿ, ಹಿಡಿಕೆಯ ಚೀಲ ಎಲ್ಲ ಈ ಕಾಲದ ಸೃಷ್ಟಿ. ಮೃದುವಾದ, ಒಣಹುಲ್ಲಿನ ಘಮವಿರುವ ಸ್ವೀಟ್‌ಗ್ರಾಸ್ ಮೇಲುಗೈ ಪಡೆದದ್ದೂ ಈ ಕಾಲದಲ್ಲೇ. ಇದು ಮ್ಯೂಲೆನ್‌ಬರ್ಜಿಯಾ ಕುಲದ ಸಸ್ಯ. ಉತ್ತರ ಅಮೆರಿಕದ ಮೂಲನಿವಾಸಿಗಳು ಜಡೆ ಹೆಣೆದು ಸುಡುವ ಪವಿತ್ರ ಹುಲ್ಲಿಗೂ ಇದೇ ಹೆಸರಿದ್ದರೂ ಆ ಸಸ್ಯ ಬೇರೆ. ಹಲವು ಬರಹಗಳು ಎರಡನ್ನೂ ಒಂದೆನ್ನುತ್ತವೆ, ತಿದ್ದಿಕೊಳ್ಳಬೇಕು.

ಮನ್ನಣೆಗೆ ಕೊರತೆಯಿಲ್ಲ. ಬುಟ್ಟಿ ಹೊಲಿಯುವವರಲ್ಲಿ ಮೇರಿ ಜೇನ್ ಮ್ಯಾನಿಗಾಲ್ಟ್ ಅವರಿಗೆ 1984ರಲ್ಲಿ ರಾಷ್ಟ್ರೀಯ ಪರಂಪರೆ ಫೆಲೋಶಿಪ್, ಮೇರಿ ಜಾಕ್ಸನ್ ಅವರಿಗೆ 2008ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. 2006ರಲ್ಲಿ ಇದು ರಾಜ್ಯದ ಅಧಿಕೃತ ಕರಕುಶಲವೂ ಆಯಿತು. ಕೊರತೆ ಇರುವುದು ಹುಲ್ಲಿಗೆ. ಮರಳುದಿಣ್ಣೆಗಳ ಹಿಂದಿನ ತಗ್ಗಿನಲ್ಲಿ, ಉಪ್ಪುಜವುಗಿನ ಅಂಚಿನಲ್ಲಿ ಅದು ಬೆಳೆಯುತ್ತದೆ. ಬುಡ ಕೀಳದೆ, ಗೊಂಚಲಿನಿಂದ ಎಳೆಗಳನ್ನಷ್ಟೇ ಕೈಯಿಂದ ಸೆಳೆದುಕೊಳ್ಳುವುದರಿಂದ ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಹುಲ್ಲು ಹಿರಿಯುವವರು ಅದನ್ನು ಮುಗಿಸಿದರು ಎಂಬ ದೂರು ಹಾಗಾಗಿ ನಿಲ್ಲುವುದಿಲ್ಲ. ಆ ನೆಲ ಇಂದು ಸಮುದ್ರ ನೋಟದ ನಿವೇಶನ. ದ್ವೀಪಗಳಲ್ಲಿ ಕಾವಲು ಗೇಟಿನ ಬಡಾವಣೆಗಳೆದ್ದವು. ಅಜ್ಜ ಅಜ್ಜಿಯರು ಕೇಳದೆಯೇ ಹುಲ್ಲು ತರುತ್ತಿದ್ದ ಜಾಗಕ್ಕೆ ಹೋಗಲು ಮೊಮ್ಮಕ್ಕಳು ಅನುಮತಿ ಕೇಳಬೇಕು. ಮೌಂಟ್ ಪ್ಲೆಸೆಂಟ್‌ನ ಜನಸಂಖ್ಯೆ 2020ರಲ್ಲಿ 90,000 ದಾಟಿತು. ಅಗಲವಾದ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಅಟ್ಟಣೆಯತ್ತ ಬರುವುದೂ ಕಷ್ಟ.

1990ರ ದಶಕದಲ್ಲಿ ಚಾರ್ಲ್ಸ್‌ಟನ್ ಬಳಿಯ ಜೇಮ್ಸ್ ಐಲೆಂಡ್‌ನಲ್ಲಿ ಸ್ವೀಟ್‌ಗ್ರಾಸ್ ನೆಟ್ಟು ಬೆಳೆಸುವ ಪ್ರಯೋಗ ನಡೆಯಿತು. ನೆಟ್ಟರೆ ಅದು ಬೆಳೆಯುತ್ತದೆ. ಅಲಂಕಾರದ ಗಿಡವಾಗಿ ರಸ್ತೆ ಬದಿಯಲ್ಲೂ ಶರತ್ಕಾಲದಲ್ಲಿ ನಸುಗೆಂಪು ಹೂ ಬಿಡುತ್ತದೆ. ಹಾಗಿರುವಾಗ ಪ್ರಶಸ್ತಿಗಳ ಜೊತೆಗೆ, ಹುಲ್ಲು ಹಿರಿಯುವ ಹಕ್ಕನ್ನು ಬಡಾವಣೆಗಳ ಪರವಾನಗಿಯ ಷರತ್ತಿನಲ್ಲೇ ಬರೆಯಿಸುವ ಕೆಲಸ ಆಗಬೇಕು ಎಂಬುದು ನನ್ನ ನಿಲುವು.