ನಂದಿ ತಪ್ಪಲಿನ ಕೆಂಪು ವೈನ್: ಕಾಯೋಕೆ ಯಾರ ಹತ್ರ ದುಡ್ಡಿತ್ತು?

ಮಾವು ಅಂದ್ರೆ ಶ್ರೀನಿವಾಸಪುರ, ದೋಸೆ ಅಂದ್ರೆ ಮುಳಬಾಗಿಲು, ಹೆಂಚು ಅಂದ್ರೆ ಮಾಲೂರು, ಟೊಮೆಟೊ ಅಂದ್ರೆ ಕೋಲಾರ. ವೈನ್ ಅಂದ್ರೆ? ನಮ್ಮ ಕಡೆ ಯಾರೂ ಬಾಯಿ ಬಿಡಲ್ಲ. ಆದ್ರೆ ಪೀಪಾಯಿಯಲ್ಲಿ ಮಾಗಿಸಿದ ಒಂದು ಒಳ್ಳೆ ಕೆಂಪು ವೈನ್ ಹುಟ್ಟಿದ್ದು ನಮ್ಮ ಪಕ್ಕದಲ್ಲೇ, ನಂದಿ ಬೆಟ್ಟದ ತಪ್ಪಲಲ್ಲಿ. ಬೆಟ್ಟದ ಆಚೆ ದೊಡ್ಡಬಳ್ಳಾಪುರ. ಈಚೆ ಚಿಕ್ಕಬಳ್ಳಾಪುರ, 2007ರವರೆಗೆ ಅದು ಕೋಲಾರ ಜಿಲ್ಲೆಯದ್ದೇ.

ದ್ರಾಕ್ಷಿ ನಮಗೆ ಹೊಸದಲ್ಲ. 'ಬೆಂಗಳೂರು ಬ್ಲೂ' ಈ ಭಾಗಕ್ಕೆ ಬಂದಿದ್ದು 19ನೇ ಶತಮಾನದಲ್ಲಿ. ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗೆ ಹಾಕೋ ಮೊದಲೇ ಮೂಗಿಗೆ ಬಡಿಯೋ ಘಮ. 2013ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ತು. ಜ್ಯೂಸ್‌ಗೆ, ಗೋವಾದ ಸಿಹಿ ಪೋರ್ಟ್ ವೈನ್‌ಗೆ ಹೋಗೋದು ಇದೇ. ಮೂಲದಲ್ಲಿ ಇದು ಅಮೆರಿಕದ ಲಬ್ರುಸ್ಕಾ ಜಾತಿಯ ಬಳ್ಳಿ. ಸಿಹಿ ವೈನ್‌ಗೆ ಇದರ ಘಮ ಒಪ್ಪುತ್ತೆ, ವರ್ಷಗಟ್ಟಲೆ ಮಾಗಿಸೋ ವೈನ್‌ಗೆ ಒಪ್ಪಲ್ಲ.

ಕನ್ವಲ್ ಗ್ರೋವರ್ ಅನ್ನೋ ಉದ್ಯಮಿ ಹಾಗಾಗಿ ಇದನ್ನ ಬಿಟ್ಟು ಫ್ರೆಂಚ್ ತಳಿಗಳನ್ನೇ ತಂದು ನೆಟ್ರು. ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಜೊತೆಗಿದ್ರು. 1988ರಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಶುರುವಾಯ್ತು, ಮೊದಲ ವೈನ್ ಬಂದಿದ್ದು 1992ರಲ್ಲಿ. ಆಮೇಲೆ ಬೋರ್ಡೋದ ಮಿಶೆಲ್ ರೋಲಾನ್ ಸಲಹೆಗಾರರಾದ್ರು. ಇವರ ಹೆಸರುವಾಸಿ ಕೆಂಪು ವೈನ್ 'ಲಾ ರಿಸರ್ವ್': ಕ್ಯಾಬರ್ನೆ ಸೋವಿನ್ಯಾನ್ ಮತ್ತು ಶಿರಾಜ್ ಬೆರೆಸಿ, ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದು. ಮರದ ಸಂದಿಯಿಂದ ಗಾಳಿ ಒಂಚೂರು ಒಂಚೂರೇ ಒಳಗೆ ಹೋಗುತ್ತೆ, ಒಗರು ಮೆತ್ತಗಾಗುತ್ತೆ. ಅವಸರ ಮಾಡಿದ್ರೆ ಕೆಲಸ ಕೆಡ್ತು.

ನಾನು ಓದಿದ್ದು ಬಿಕಾಂ, ನನಗೆ ಕಾಣೋದು ಲೆಕ್ಕ. ಬಳ್ಳಿ ಫಸಲಿಗೆ ಬರೋಕೆ ಸುಮಾರು ಮೂರು ವರ್ಷ. ಆಮೇಲೆ ಪೀಪಾಯಿ, ಆಮೇಲೆ ಬಾಟಲಿ. ಅಲ್ಲಿವರೆಗೂ ದುಡ್ಡು ಮಣ್ಣಲ್ಲಿ, ಮರದಲ್ಲಿ ಸಿಕ್ಕಿಹಾಕ್ಕೊಂಡಿರುತ್ತೆ. ಹೊರದೇಶದ ವೈನ್ ಮೇಲೆ ಬಹುಕಾಲ ಶೇ. 150 ಆಮದು ಸುಂಕ ಇತ್ತಲ್ಲ, ಅದಕ್ಕೇ ನಮ್ಮವರಿಗೆ ಇಲ್ಲಿನ ಬಾಟಲಿ ಕೈಗೆಟುಕೋ ಬೆಲೆ ಅನ್ನಿಸಿದ್ದು. ಗ್ರೋವರ್ ಮನೆಯವರು ಮೂರು ತಲೆಮಾರು ಇದರಲ್ಲೇ ನಿಂತ್ರು: ಮಗ ಕಪಿಲ್ ವ್ಯವಹಾರ ನೋಡಿದ್ರೆ, ಮೊಮ್ಮಗಳು ಕರಿಷ್ಮಾ ವೈನ್ ಮಾಡೋದನ್ನೇ ಕಲಿತು ಬಂದ್ರು. 2012ರಲ್ಲಿ ನಾಸಿಕ್‌ನ ಕಂಪನಿಯೊಂದರ ಜೊತೆ ಸೇರಿ 'ಗ್ರೋವರ್ ಜಂಪಾ' ಆಯ್ತು. ಈಗದು ಚಿಕ್ಕ ತೋಟ ಅಲ್ಲ ಬಿಡಿ.

2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂತು, ವೈನ್ ಮಂಡಳಿ ಮಾಡ್ತು. ಇಷ್ಟಾದ್ರೂ ನಮ್ಮ ಕಡೆ ದ್ರಾಕ್ಷಿ ಬೆಳೆಯೋರು ವೈನ್ ಕಡೆ ತಿರುಗಿದ್ದು ಕಮ್ಮಿ. ಕೊಯ್ದ ದ್ರಾಕ್ಷಿ ವಾರ ಇಟ್ರೆ ಕೊಳೆಯುತ್ತೆ, ಮಂಡಿಯವರು ಹೇಳಿದ್ದೇ ರೇಟು.

ಮಾಲೂರಿನ ಹತ್ರ ಒಂದೆಕರೆ ದ್ರಾಕ್ಷಿ ಇಟ್ಟಿದ್ದ ಯಜಮಾನ್ರೊಬ್ಬರಿಗೆ ಈ ಪೀಪಾಯಿ ಕಥೆಯೆಲ್ಲಾ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಅಲ್ಲೀಗಂಟ ಬಡ್ಡಿ ಯಾರಪ್ಪ ಕಟ್ಟೋದು?" ಅಂದ್ರು. ಹೋದ ವರ್ಷ ಬಳ್ಳಿ ಕಿತ್ತು ಗುಲಾಬಿ ಹಾಕಿದ್ದಾರೆ. ಚಪ್ಪರದ ಕಲ್ಲುಕಂಬಗಳು ಮಾತ್ರ ಇನ್ನೂ ಹಾಗೇ ನಿಂತಿವೆ.