ತಾಯಿಯ ಗದ್ದೆ, ಮಗನ ಪಯಣ: ಸುಮಾತ್ರಾದ ಮಿನಂಗ್‌ಕಬಾವು ಹಳ್ಳಿಗಳ ಇತಿಹಾಸ

ಇಂಡೋನೇಷ್ಯಾ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಸಾವಿರಾರು ದ್ವೀಪಗಳು, ಜ್ವಾಲಾಮುಖಿಗಳು, ಲವಂಗ, ಜಾಯಿಕಾಯಿಗಳು ನೆನಪಿಗೆ ಬರುತ್ತವೆ. ಜಗತ್ತಿನಲ್ಲಿ ಮುಸ್ಲಿಮರು ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೇಶಗಳ ಸಾಲಿನಲ್ಲಿ ಅದು ಮುಂಚೂಣಿಯಲ್ಲಿದೆ ಎಂಬುದೂ ತಿಳಿದಿರುತ್ತದೆ. ಆದರೆ ಅಲ್ಲಿಯ ಒಂದು ರೈತ ಹಳ್ಳಿಯಲ್ಲಿ ಜನ ಹೇಗೆ ಬದುಕುತ್ತಾರೆ, ಗದ್ದೆ ಯಾರ ಪಾಲಿಗೆ ಬರುತ್ತದೆ, ಯುವಕರು ಊರು ಬಿಟ್ಟು ಏಕೆ ಹೋಗುತ್ತಾರೆ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದು ಕಡಿಮೆ. ಪಶ್ಚಿಮ ಸುಮಾತ್ರಾದ ಮಿನಂಗ್‌ಕಬಾವು ಜನರ ಹಳ್ಳಿಗಳು ಈ ಪ್ರಶ್ನೆಗಳಿಗೆ ಬಹಳ ಕುತೂಹಲಕರ ಉತ್ತರ ಕೊಡುತ್ತವೆ. ಇವರು ನಿಷ್ಠಾವಂತ ಮುಸ್ಲಿಮರು. ಜೊತೆಗೆ, ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಜಗತ್ತಿನ ಅತಿ ದೊಡ್ಡ ಸಮುದಾಯವೂ ಇವರದೇ. 2010ರ ಜನಗಣತಿಯಲ್ಲಿ ಇವರ ಸಂಖ್ಯೆ 60 ಲಕ್ಷಕ್ಕೂ ಹೆಚ್ಚಿತ್ತು.

ಹಳ್ಳಿಯ ಬದುಕು

ಮಿನಂಗ್‌ಕಬಾವು ಹಳ್ಳಿಗೆ 'ನಗರಿ' ಎಂದು ಹೆಸರು. ಸಂಸ್ಕೃತ ಮೂಲದ ಈ ಪದ ನಮ್ಮ ಕಿವಿಗೆ ಪಟ್ಟಣದಂತೆ ಕೇಳಿಸಿದರೂ ಅಲ್ಲಿ ಅದು ಗದ್ದೆಗಳ ನಡುವಿನ ಊರು. ತಾನಾಹ್ ದಾತಾರ್, ಆಗಾಮ್, ಲಿಮಾ ಪುಲುಹ್ ಕೋತಾ ಎಂಬ ಮೂರು ಮಲೆನಾಡು ಪ್ರದೇಶಗಳು ಇವರ ಮೂಲ ನೆಲೆ. ಜ್ವಾಲಾಮುಖಿಯ ಫಲವತ್ತಾದ ಮಣ್ಣು, ಬೆಟ್ಟದಿಂದ ಇಳಿಯುವ ನೀರು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು ಇಲ್ಲಿಯ ಸಂಪತ್ತು.

ಊರಿನಲ್ಲಿ ಕಣ್ಸೆಳೆಯುವುದು 'ರುಮಾಹ್ ಗದಾಂಗ್', ಅಂದರೆ ದೊಡ್ಡ ಮನೆ. ಮರದ ಕಂಬಗಳ ಮೇಲೆ ನಿಂತ ಈ ಉದ್ದನೆಯ ಮನೆಯ ಛಾವಣಿ ಕೋಣನ ಕೊಂಬಿನಂತೆ ಎರಡೂ ತುದಿಯಲ್ಲಿ ಮೇಲಕ್ಕೆ ಬಾಗಿರುತ್ತದೆ. ಮನೆಯ ಮುಂದೆ ಭತ್ತದ ಕಣಜಗಳಿರುತ್ತವೆ. ಅಜ್ಜಿ, ಅವಳ ಹೆಣ್ಣುಮಕ್ಕಳು, ಮೊಮ್ಮಕ್ಕಳು ಒಂದೇ ಸೂರಿನಡಿ ಬಾಳುವುದು ಹಳೆಯ ಪದ್ಧತಿ. ಮಲಗುವ ಕೋಣೆಗಳು ಹೆಂಗಸರಿಗೆ ಸೇರಿದವು. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬರುತ್ತಾನೆ. ಹತ್ತು ಹನ್ನೆರಡು ವರ್ಷ ದಾಟಿದ ಹುಡುಗರು ರಾತ್ರಿ 'ಸುರಾವು' ಎಂಬ ಪ್ರಾರ್ಥನಾ ಮಂದಿರದಲ್ಲಿ ಮಲಗುತ್ತಿದ್ದರು. ಕುರ್‌ಆನ್ ಪಠಣ, ಊರಿನ ರೀತಿನೀತಿ, ಆತ್ಮರಕ್ಷಣೆಯ ಕಲೆ ಎಲ್ಲವನ್ನೂ ಅಲ್ಲಿಯೇ ಕಲಿಯುತ್ತಿದ್ದರು. ಅದು ಅವರ ಮಸೀದಿ, ಶಾಲೆ, ಹಾಸ್ಟೆಲ್ ಎಲ್ಲವೂ ಆಗಿತ್ತು.

ಆಸ್ತಿ ಯಾರದು?

ಪೂರ್ವಜರಿಂದ ಬಂದ ಗದ್ದೆ ಮತ್ತು ಮನೆಗೆ 'ಪುಸಾಕಾ ತಿಂಗ್ಗಿ', ಅಂದರೆ ಮೇಲು ಪಿತ್ರಾರ್ಜಿತ ಎನ್ನುತ್ತಾರೆ. ನಮ್ಮ 'ಪಿತ್ರಾರ್ಜಿತ' ಪದ ಇಲ್ಲಿ ಹೊಂದುವುದಿಲ್ಲ, 'ಮಾತ್ರಾರ್ಜಿತ' ಎನ್ನಬೇಕು! ಏಕೆಂದರೆ ಅದು ತಾಯಿಯಿಂದ ಮಗಳಿಗೆ ಸಾಗುತ್ತದೆ. ಅದರ ಮೇಲ್ವಿಚಾರಣೆ ತಾಯಿಯ ಅಣ್ಣತಮ್ಮಂದಿರದು. ಅವರನ್ನು ಅಲ್ಲಿ 'ಮಾಮಕ್' ಎಂದು ಕರೆಯುತ್ತಾರೆ, ನಮ್ಮ ಸೋದರಮಾವನಂತೆ. ಆದರೆ ಮಾಮಕ್ ಆ ಆಸ್ತಿಯ ಕಾವಲುಗಾರನೇ ಹೊರತು ಒಡೆಯನಲ್ಲ. ಆ ಗದ್ದೆಯನ್ನು ಮಾರುವಂತಿಲ್ಲ. ಅಡವಿಡಬೇಕಾದರೂ ಸಂಪ್ರದಾಯ ನಾಲ್ಕೇ ಕಾರಣಗಳನ್ನು ಒಪ್ಪುತ್ತದೆ: ಮನೆಯಲ್ಲಿ ಸಾವಾಗಿ ಶವಸಂಸ್ಕಾರಕ್ಕೆ ಹಣವಿಲ್ಲದಿದ್ದರೆ, ವಯಸ್ಸಿಗೆ ಬಂದ ಹೆಣ್ಣುಮಗಳ ಮದುವೆ ನಿಂತಿದ್ದರೆ, ದೊಡ್ಡ ಮನೆ ಸೋರುತ್ತಿದ್ದರೆ, ಕುಲದ ಮುಖಂಡನ ಸ್ಥಾನ ತುಂಬಬೇಕಾಗಿದ್ದರೆ. ವಿಧವೆಯಾದವಳೂ ತಲಾಕ್ ಆದವಳೂ ಅಲ್ಲಿ ಬೀದಿಗೆ ಬೀಳುವುದಿಲ್ಲ, ಏಕೆಂದರೆ ಅವಳು ವಾಸಿಸುವುದು ತನ್ನ ತಾಯಿಯ ಮನೆಯಲ್ಲಿಯೇ.

ಊರು ಬಿಡುವ ಗಂಡುಮಕ್ಕಳು

ಗದ್ದೆ ಹೆಣ್ಣುಮಕ್ಕಳದಾದರೆ ಗಂಡುಮಕ್ಕಳ ಗತಿಯೇನು? ಅವರು ಪ್ರಯಾಣ ಹೊರಡುತ್ತಾರೆ. ಇದಕ್ಕೆ 'ಮರಾಂತಾವು' ಎಂದು ಹೆಸರು. ವಿದ್ಯೆ, ವ್ಯಾಪಾರ, ಅನುಭವ ಅರಸಿ ಪರಊರಿಗೆ ಹೋಗುವುದು ಅಲ್ಲಿ ಶತಮಾನಗಳಿಂದ ನಡೆದುಬಂದ ರೂಢಿ. ಮೊದಲು ಕಾಲ್ನಡಿಗೆಯಲ್ಲಿ ಕರಾವಳಿಗೆ ಇಳಿದರು, ಬಳಿಕ ಮಲಯಾ ಪರ್ಯಾಯ ದ್ವೀಪಕ್ಕೆ ಹಡಗು ಹತ್ತಿದರು. 1890ರ ದಶಕದಲ್ಲಿ ಡಚ್ಚರು ಒಂಬಿಲಿನ್ ಕಲ್ಲಿದ್ದಲನ್ನು ಬಂದರಿಗೆ ಸಾಗಿಸಲು ಬೆಟ್ಟ ಹತ್ತುವ ಹಲ್ಲುಹಳಿಯ ರೈಲು ಮಾರ್ಗ ಹಾಕಿದರು. ಕಲ್ಲಿದ್ದಲಿನ ಜೊತೆಗೆ ಹಳ್ಳಿಯ ಯುವಕರೂ ಪದಾಂಗ್ ಪಟ್ಟಣಕ್ಕೆ ಇಳಿದರು. ಇಂದು ಇಂಡೋನೇಷ್ಯಾದ ಊರೂರಿನಲ್ಲಿ 'ಪದಾಂಗ್ ಊಟ'ದ ಹೋಟೆಲುಗಳಿವೆ. ಹತ್ತಾರು ತಟ್ಟೆಗಳನ್ನು ಮುಂದೆ ಜೋಡಿಸಿ, ತಿಂದಷ್ಟಕ್ಕೆ ಮಾತ್ರ ಹಣ ಪಡೆಯುವ ಆ ಹೋಟೆಲುಗಳು ಈ ಪಯಣದ ಫಲ. ಹೊರಗೆ ದುಡಿದವರು ಕಳಿಸಿದ ಹಣದಿಂದ ಊರಿನ ಮಸೀದಿ, ಶಾಲೆಗಳು ಎದ್ದವು. ಸ್ವತಂತ್ರ ಇಂಡೋನೇಷ್ಯಾದ ಪ್ರಥಮ ಉಪರಾಷ್ಟ್ರಪತಿ ಮೊಹಮ್ಮದ್ ಹತ್ತಾ, ಪ್ರಥಮ ಪ್ರಧಾನಿ ಸುತಾನ್ ಶಹರೀರ್, ರಾಜತಾಂತ್ರಿಕ ಹಾಜಿ ಆಗುಸ್ ಸಲೀಂ ಇವರೆಲ್ಲ ಇದೇ ಜನಾಂಗದವರು.

ಶರೀಅತ್ ಮತ್ತು ಅದಾತ್

ಊರಿನ ಸಂಪ್ರದಾಯಕ್ಕೆ ಅವರು 'ಅದಾತ್' ಎನ್ನುತ್ತಾರೆ. ಉರ್ದುವಿನಲ್ಲಿ ಅಭ್ಯಾಸ ಎಂಬರ್ಥದಲ್ಲಿ ನಾವು ಬಳಸುವ 'ಆದತ್' ಇದೇ ಅರಬಿ ಪದ. ಈ ಅದಾತ್‌ಗೂ ಶರೀಅತ್‌ಗೂ ಹೊಂದುವುದು ಹೇಗೆ? ಈ ಪ್ರಶ್ನೆ ಅಲ್ಲಿ ರಕ್ತಪಾತಕ್ಕೂ ಕಾರಣವಾಗಿದೆ. 1803ರಲ್ಲಿ ಹಜ್‌ನಿಂದ ಮರಳಿದ ಮೂವರು ಹಾಜಿಗಳು ಜೂಜು, ಕೋಳಿ ಅಂಕ ಮುಂತಾದವುಗಳ ವಿರುದ್ಧ ಸುಧಾರಣೆಗೆ ಬಲ ತುಂಬಿದರು. ಅದು ಸಂಪ್ರದಾಯದ ಮುಖಂಡರೊಡನೆ ಯುದ್ಧವಾಗಿ ಬೆಳೆಯಿತು. ಇದೇ 'ಪದ್ರಿ ಯುದ್ಧ'. 1821ರಲ್ಲಿ ಕೆಲವು ಮುಖಂಡರು ಡಚ್ಚರ ನೆರವು ಬೇಡಿದರು. ಮನೆಯ ಜಗಳಕ್ಕೆ ಹೊರಗಿನವರನ್ನು ಕರೆದರೆ ಏನಾಗುತ್ತದೋ ಅದೇ ಆಯಿತು. ಸುಧಾರಕರ ನಾಯಕ ತುವಾಂಕು ಇಮಾಮ್ ಬೊಂಜೋಲ್ ಕೊನೆಗೆ ಮನಸ್ಸು ಬದಲಿಸಿ, ಲೂಟಿಯ ಸೊತ್ತು ಹಿಂದಿರುಗಿಸಿ, ಸಂಪ್ರದಾಯದ ಮುಖಂಡರೊಡನೆ ರಾಜಿ ಮಾಡಿಕೊಂಡರು. ಆದರೆ ಕಾಲ ಮೀರಿತ್ತು. 1837ರಲ್ಲಿ ಬೊಂಜೋಲ್ ಕೋಟೆ ಡಚ್ಚರ ವಶವಾಯಿತು. ದೂರದ ಸುಲಾವೆಸಿಗೆ ಗಡಿಪಾರಾದ ಇಮಾಮರು 1864ರಲ್ಲಿ ಅಲ್ಲಿಯೇ ತೀರಿಕೊಂಡರು. ಹಳ್ಳಿಗರ ಮೇಲೆ 1847ರಿಂದ ಕಡ್ಡಾಯ ಕಾಫಿ ಬೆಳೆಯ ಹೊರೆ ಬಿತ್ತು. 1908ರಲ್ಲಿ ಅದರ ಬದಲು ಹಣದ ತೆರಿಗೆ ಬಂದಾಗ ರೈತರು ದಂಗೆಯೆದ್ದರು.

ಖಡ್ಗ ಬಗೆಹರಿಸದ ಪ್ರಶ್ನೆಯನ್ನು ಮುಂದೆ ಲೇಖನಿ ಎತ್ತಿಕೊಂಡಿತು. ಆಗಾಮ್ ಪ್ರದೇಶದಲ್ಲಿ 1860ರಲ್ಲಿ ಹುಟ್ಟಿ, ಮಕ್ಕಾದ ಹರಮ್ ಶರೀಫ್‌ನಲ್ಲಿ ಇಮಾಮರೂ ಖತೀಬರೂ ಆದ ಶೇಖ್ ಅಹ್ಮದ್ ಖತೀಬ್, ಮಕ್ಕಳನ್ನು ಬಿಟ್ಟು ಸೋದರಳಿಯರಿಗೆ ಆಸ್ತಿ ಕೊಡುವ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ಅವರ ಶಿಷ್ಯ ಹಾಜಿ ರಸೂಲ್ ಬೇರೊಂದು ದಾರಿ ತೋರಿದರು. ಹಜ್ರತ್ ಉಮರ್ (ರ.ಅ.) ಖೈಬರ್‌ನಲ್ಲಿ ದೊರೆತ ತಮ್ಮ ಭೂಮಿಯನ್ನು ಮಾರದಂತೆ, ವಾರಸುದಾರರಿಗೆ ಹಂಚದಂತೆ ವಕ್ಫ್ ಮಾಡಿದ್ದರಲ್ಲವೇ? ಕುಲದ ಹಳೆಯ ಗದ್ದೆಯೂ ವಕ್ಫ್‌ನಂತೆಯೇ, ಅದು ಯಾರೊಬ್ಬರ ಸ್ವಂತದ್ದೂ ಅಲ್ಲ ಎಂದರು. 1952ರಲ್ಲಿ ಬುಕಿತ್‌ತಿಂಗ್ಗಿಯಲ್ಲಿ ಉಲೇಮಾಗಳು ಮತ್ತು ಸಂಪ್ರದಾಯದ ಮುಖಂಡರು ಕೂಡಿ ಒಂದು ತೀರ್ಮಾನಕ್ಕೆ ಬಂದರು: ಪೂರ್ವಜರ ಆಸ್ತಿ ಅದಾತ್‌ನಂತೆ ತಾಯಿಯ ಕುಲದಲ್ಲಿಯೇ ಉಳಿಯಲಿ, ಸ್ವಂತ ದುಡಿಮೆಯ ಆಸ್ತಿ ಶರೀಅತ್‌ನಂತೆ ಮಕ್ಕಳಿಗೂ ವಾರಸುದಾರರಿಗೂ ಹಂಚಿಕೆಯಾಗಲಿ. ಒಂದೂವರೆ ಶತಮಾನದ ವಿವಾದ ಮಾತುಕತೆಯಿಂದ ಹೀಗೆ ಹದಕ್ಕೆ ಬಂದಿತು.

ಹೆಣ್ಣುಮಕ್ಕಳ ವಿದ್ಯೆ

ಆಸ್ತಿ ಇದ್ದ ಕಡೆ ಹೆಣ್ಣಿನ ಮಾತಿಗೂ ಬೆಲೆ ಬಂತು. ರೊಹಾನಾ ಕುದ್ದುಸ್ 1911ರಲ್ಲಿ ಕೋತೋ ಗದಾಂಗ್ ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ, ಓದುಬರಹ ಕಲಿಸುವ ಶಾಲೆ ತೆರೆದರು. 1912ರಲ್ಲಿ ಮಹಿಳೆಯರ ಪತ್ರಿಕೆಯನ್ನೂ ಹೊರತಂದರು. ರಹ್ಮಾ ಅಲ್ ಯೂನುಸಿಯಾ 1923ರಲ್ಲಿ ಪದಾಂಗ್ ಪಂಜಾಂಗ್‌ನಲ್ಲಿ ಸ್ಥಾಪಿಸಿದ ಬಾಲಕಿಯರ ದೀನಿಯಾ ಶಾಲೆ ಇಂದಿಗೂ ನಡೆಯುತ್ತಿದೆ. ಅವರ ಸೇವೆಯನ್ನು ಮೆಚ್ಚಿ ಕೈರೋದ ಅಲ್ ಅಜ್‌ಹರ್ ವಿಶ್ವವಿದ್ಯಾಲಯ ಅವರಿಗೆ 'ಶೇಖಾ' ಎಂಬ ಗೌರವ ನೀಡಿತು.

ನಮ್ಮ ಪಾಲಿಗೆ ಇದರ ಅರ್ಥ

ತಾಯಿಯ ಕಡೆಯ ಆಸ್ತಿ ಪದ್ಧತಿ ನಮ್ಮ ನಾಡಿಗೂ ಹೊಸದಲ್ಲ. ತುಳುನಾಡಿನ ಅಳಿಯಸಂತಾನ ಕಟ್ಟು ಎಲ್ಲರಿಗೂ ತಿಳಿದದ್ದೇ. ಇನ್ನೊಂದು ಮಾತನ್ನೂ ನೆನೆಯಬೇಕು. 1937ರ ಶರೀಅತ್ ಕಾಯ್ದೆ ಭಾರತದ ಮುಸ್ಲಿಂ ಹೆಣ್ಣುಮಕ್ಕಳಿಗೆ ವಾರಸು ಹಕ್ಕನ್ನು ಖಾತ್ರಿಪಡಿಸಿದರೂ ಕೃಷಿ ಭೂಮಿಯನ್ನು ಅದರಿಂದ ಹೊರಗಿಟ್ಟಿತ್ತು. ರೈತ ಕುಟುಂಬಕ್ಕೆ ಗದ್ದೆಯೇ ಆಸ್ತಿಯಾಗಿರುವಾಗ ಈ ಒಂದು ವಿನಾಯಿತಿಯ ಪರಿಣಾಮ ಎಷ್ಟೆಂದು ಊಹಿಸಬಹುದು. ಕಾನೂನು ಇರಲಿ ಇಲ್ಲದಿರಲಿ, ಶರೀಅತ್ ಗೊತ್ತುಮಾಡಿದ ಮಗಳ ಪಾಲನ್ನು 'ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎಂದು ಹೇಳಿ ಬಿಡಿಸಿಕೊಳ್ಳುವ ಮನೆಗಳು ಈಗಲೂ ಇವೆ.

ಮಿನಂಗ್‌ಕಬಾವು ಹಳ್ಳಿಗಳೂ ಈಗ ಬದಲಾಗಿವೆ. ಅನೇಕ ದೊಡ್ಡ ಮನೆಗಳು ಖಾಲಿ ಬಿದ್ದಿವೆ, ಸಣ್ಣ ಕುಟುಂಬಗಳು ಬೇರೆ ಮನೆ ಕಟ್ಟಿಕೊಂಡಿವೆ, ಹೆಣ್ಣುಮಕ್ಕಳೂ ದೂರದ ಊರುಗಳಿಗೆ ಹೊರಟಿದ್ದಾರೆ. ಅವರ ಪದ್ಧತಿಯನ್ನು ನಾವು ಅನುಸರಿಸಬೇಕೆಂದಲ್ಲ. ಹೆಣ್ಣಿಗೆ ಕಾಲೂರಲು ನೆಲ, ಗಂಡಿಗೆ ಜಗತ್ತು ನೋಡುವ ಧೈರ್ಯ, ಭಿನ್ನಾಭಿಪ್ರಾಯ ಬಂದಾಗ ಕೂತು ಮಾತನಾಡುವ ತಾಳ್ಮೆ, ಈ ಮೂರನ್ನು ಆ ಹಳ್ಳಿಗರಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬಹುದು. ಮಗಳ ಪಾಲನ್ನು ಕೊಡುವ ವಿಷಯದಲ್ಲಂತೂ ಹಿರಿಯರಾದ ನಾವೇ ಮೊದಲು ಕಲಿಯಬೇಕು.